ಏಳು ಟೊಪ್ಪಿ, ಏಳು ಎಡಗೈ

ನಿಮ್ಮ ಬಲಗೈ ಎತ್ತಿ, ಅಂಗೈ ನಿಮ್ಮ ಮುಖಕ್ಕೆ ಕಾಣುವಂತೆ ಹಿಡಿಯಿರಿ. ಹೆಬ್ಬೆರಳು ಯಾವ ಕಡೆಗಿದೆ? ಬಲಕ್ಕೆ. ಎಡಗೈ ಎತ್ತಿದರೆ ಎಡಕ್ಕೆ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತಾಗುವ ಈ ಸಂಗತಿ, ಕುಮಟೆಯ ಪೇಟೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ಕಸೂತಿಯ ಬೋರ್ಡು ಹಾಕಿಕೊಂಡು ಕೂತ ನನಗೆ ಒಂದು ದಿನ ಗೊತ್ತಾಗಲಿಲ್ಲ. ಅದಕ್ಕೆ ನನಗೆ ಅಂಥ ನಾಚಿಕೆಯೇನೂ ಇಲ್ಲ. ತಪ್ಪು ಯಾರ ಕೈಯಲ್ಲೂ ಆಗುತ್ತದೆ. ನಾಚಿಕೆ ಆಮೇಲೆ ನಾನು ಮಾಡಿದ್ದಕ್ಕೆ, ಅದನ್ನೇ ಹೇಳಲು ಹೊರಟಿದ್ದೇನೆ.

ನನ್ನ ಅಂಗಡಿ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿದೆ. ಮದುವೆಯ ರವಿಕೆ, ಸೀರೆಯ ಸೆರಗು, ದೇವರ ಪೀಠದ ವಸ್ತ್ರ, ಇಂಥವಕ್ಕೆ ಜರಿ ಕೆಲಸ ಮಾಡಿಕೊಡುತ್ತೇನೆ ಎಂದು ಹೊರಗೆ ಬರೆದಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಬರುವ ಹೆಂಗಸರೆಲ್ಲ ಆಡಿಕೊಳ್ಳುತ್ತಾರೆ. ಆದರೂ ಬರುತ್ತಾರೆ, ಕೆಲಸ ನೋಡಿ ಬರುತ್ತಾರೆ. ನಿಜ ಹೇಳಬೇಕೆಂದರೆ ಆ ಕೆಲಸದಲ್ಲಿ ಕಣ್ಣಿಗೆ ಕಟ್ಟುವಂಥದ್ದು ಏನಿದೆಯೋ ಅದು ನನ್ನದಲ್ಲ. ಚಿತ್ರ ಬರೆಯುವುದು ನಾನು, ಬಟ್ಟೆಯ ಮೇಲೆ ಗುರುತು ಹಾಕುವುದು ನಾನು, ಕತ್ತರಿಸಿ ಜೋಡಿಸುವುದು ನಾನು. ಬಂಗಾರದ ಬಣ್ಣದ ಸುರುಳಿ ಜರಿಯನ್ನು ಅಕ್ಕಿಕಾಳಿನಷ್ಟು ಸಣ್ಣಗೆ ತುಂಡು ಮಾಡಿ, ಸೂಜಿಗೆ ಪೋಣಿಸಿ, ಒಂದರ ಮಗ್ಗುಲಿಗೆ ಒಂದು ಕೂರಿಸಿ ಹೊಲಿಯುವ ಕೆಲಸ ಆಗುತ್ತಿದ್ದದ್ದು ಭಟ್ಕಳದ ಒಂದು ಮನೆಯ ಒಳಕೋಣೆಯಲ್ಲಿ. ಅದನ್ನು ಮಾಡುತ್ತಿದ್ದವರನ್ನು ನಾನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತೇನೆ, ಅವರು ನನ್ನನ್ನು ಬಾಯಿ ಎಂದು ಕರೆಯುತ್ತಾರೆ. ನನಗಿಂತ ಹತ್ತು ವರ್ಷ ದೊಡ್ಡವರು, ಭಟ್ಕಳದ ನವಾಯತ ಮುಸ್ಲಿಮರ ಮನೆಯವರು.

ಇಪ್ಪತ್ತು ವರ್ಷಗಳ ಹಿಂದೆ ಭಟ್ಕಳದ ಒಂದು ಬಟ್ಟೆ ಅಂಗಡಿಯಲ್ಲಿ ಯಾರದೋ ಮದುವೆಯ ದುಪಟ್ಟಾದ ಅಂಚು ನೋಡಿ ನಾನು ನಿಂತಲ್ಲೇ ನಿಂತಿದ್ದೆ. ಇದು ಯಾರ ಕೈ ಎಂದು ಕೇಳಿದ್ದಕ್ಕೆ ಅಂಗಡಿಯವನು ಓಣಿಯೊಳಗಿನ ಮನೆ ತೋರಿಸಿದ. ಅವತ್ತಿನಿಂದ ಶುರು. ಅವರ ಮನೆಮಾತಾದ ನವಾಯತಿಗೂ ನಾನು ಪೇಟೆಯಲ್ಲಿ ಕಲಿತ ಕೊಂಕಣಿಗೂ ಅರ್ಧ ಹೊಂದಾಣಿಕೆಯಾಗುತ್ತದೆ, ಆಗದ ಕಡೆ ಕನ್ನಡ. ಅವರ ಗಂಡುಮಕ್ಕಳು ಹೊರದೇಶದಲ್ಲಿದ್ದಾರೆ, ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಹೊಟ್ಟೆಪಾಡಿಗೆ ಹೊಲಿಯುತ್ತಿದ್ದವರಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ, ಅದನ್ನು ಅವರು ಪ್ರತಿಸಲವೂ ಒಂದೇ ರೀತಿ ಕೇಳುತ್ತಿದ್ದರು.

"ಬಾಯಿ, ಅವರು ಕೇಳಿದ್ರಾ, ಯಾರು ಹೊಲಿದದ್ದು ಅಂತ?"

"ಭಾರಿ ಮೆಚ್ಚಿದ್ರು ಆಪಾ," ಎನ್ನುತ್ತಿದ್ದೆ ನಾನು. ಮೆಚ್ಚಿದ್ದು ಸುಳ್ಳಲ್ಲ. ಯಾರು ಹೊಲಿದದ್ದು ಎಂದು ಕೇಳಿದವರೂ ಇದ್ದರು, ಅವರಿಗೆ ನಾನು ಸುಮ್ಮನೆ ನಗೆ ತೋರಿಸಿ ರವಿಕೆ ಮಡಚುತ್ತಿದ್ದೆ. ನಕ್ಕರೆ ಅವರೇ ಅರ್ಥ ಮಾಡಿಕೊಳ್ಳುತ್ತಿದ್ದರು, ಇವಳೇ ಎಂದು. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಒಂದು ದಿನ ಹೊನ್ನಾವರದ ಒಬ್ಬ ವಕೀಲರು ಅಂಗಡಿಯ ಮೆಟ್ಟಿಲು ಹತ್ತಿ ಬಂದರು, ಕೈಯಲ್ಲಿ ಹಳೆಯ ಬಿಸ್ಕಿಟ್ ಡಬ್ಬಿ. ಅವರು ಒಂದು ಬಂಧುಸಂಘದ ಕಾರ್ಯದರ್ಶಿ. ಮುಂಬೈ ಇಲಾಖೆಯ ಕಾಲದಲ್ಲಿ ಶುರುವಾದ ಸಂಘವಂತೆ, ಹೊನ್ನಾವರದಲ್ಲಿ ಅವರದೇ ಒಂದು ಹಾಲ್ ಇದೆ. ವೈದ್ಯರು, ವಕೀಲರು, ಮಾಸ್ತರರು, ದೊಡ್ಡ ವ್ಯಾಪಾರಸ್ಥರು ಸದಸ್ಯರು. ಒಬ್ಬರನ್ನೊಬ್ಬರು 'ಬಂಧು' ಎಂದೇ ಕರೆಯಬೇಕು, ಬಾಗಿಲು ಹಾಕಿಕೊಂಡು ಸಭೆ ನಡೆಸಬೇಕು, ಊರಿನ ಬಡಮಕ್ಕಳ ಶಾಲೆಯ ಖರ್ಚು ನೋಡಿಕೊಳ್ಳಬೇಕು. ಪೇಟೆಯವರು ಅದನ್ನು ಟೊಪ್ಪಿ ಸಂಘ ಎಂದು ತಮಾಷೆ ಮಾಡುತ್ತಾರೆ. ಏಕೆಂದರೆ ಅದರ ಏಳು ಮಂದಿ ಹಿರಿಯರು ಸಭೆಯಲ್ಲಿ ಕಪ್ಪು ಮಖಮಲ್ಲಿನ ಟೊಪ್ಪಿ ಹಾಕಿಕೊಳ್ಳುತ್ತಾರೆ, ಹಣೆಯ ಮೇಲೆ ಬರುವಂತೆ ಜರಿಯಲ್ಲಿ ಸಂಘದ ಲಾಂಛನ.

ವಕೀಲರು ಡಬ್ಬಿ ತೆರೆದರು. ಒಳಗಿದ್ದ ಟೊಪ್ಪಿಯ ಮಖಮಲ್ಲನ್ನು ಹುಳ ತಿಂದಿತ್ತು, ಜರಿ ಕಪ್ಪಾಗಿತ್ತು. ಎತ್ತಿದ ಒಂದು ಅಂಗೈ, ಅಂಗೈ ನಡುವೆ ಉರಿಯುವ ಹಣತೆ, ಎರಡೂ ಕಡೆ ಭತ್ತದ ತೆನೆ. ನಾನು ಕೈಹಾಕಲು ಹೋದರೆ ವಕೀಲರು ಕರ್ಚೀಫು ಮುಂದೆ ಮಾಡಿದರು.

"ಇದ್ರಲ್ಲಿ ಹಿಡೀರಿ. ಮತ್ತೆ, ಹೆಂಗಸರು ತಲೆ ಮೇಲೆ ಇಟ್ಕೊಂಡು ನೋಡೂದು ಮಾಡಬಾರ್ದು."

"ನಂಗೆಂತಕ್ಕೆ ನಿಮ್ಮ ಟೊಪ್ಪಿ? ನನ್ನ ತಲೆಗೆ ಕೂದ್ಲು ಸಾಕು," ಎಂದೆ. ಅವರು ನಗಲಿಲ್ಲ.

ಆ ಕೈ ಬಲಗೈ, ಅದು ಮುಖ್ಯ ಎಂದು ಅವರು ಎರಡು ಸಲ ಹೇಳಿದರು. ಹಾಲಿನೊಳಗೆ ಹಿರಿಯರು ಏನು ಕೊಡುವುದಿದ್ದರೂ, ತೆಗೆದುಕೊಳ್ಳುವುದಿದ್ದರೂ ಬಲಗೈಯಲ್ಲೇ. ಎಡಗೈ ಸಭೆ ಮುಗಿಯುವ ತನಕ ಬೆನ್ನ ಹಿಂದೆ ಇರಬೇಕು. ಟೊಪ್ಪಿ ಹಾಕಿಕೊಂಡಾಗ ಎಡಗೈ ಮುಂದೆ ಬಂದರೆ ಅವತ್ತಿನ ಸಭೆಯನ್ನೇ ಎಬ್ಬಿಸಿದ ಉದಾಹರಣೆ ಇದೆಯಂತೆ. ಊಟದೆಲೆಗೆ ಎಡಗೈಯಲ್ಲಿ ಬಡಿಸಿದರೆ ನಾವೇ ಎದ್ದು ಹೋಗುವ ಜನ. ಹಾಗಾಗಿ ನನಗೆ ಅದು ವಿಚಿತ್ರ ಅನಿಸಲಿಲ್ಲ. ಆತು ಎಂದೆ. ಏಳು ಹೊಸ ಟೊಪ್ಪಿ, ಹಳೆಯದರ ಪಡಿಯಚ್ಚು, ವರ್ಷದ ದೊಡ್ಡ ಸಭೆಗೆ ಮೊದಲು. ಆ ಒಂದು ದಿನ ಮೊದಲ ಒಂದು ತಾಸು ಮನೆಯವರನ್ನೂ, ಆಹ್ವಾನಿತರನ್ನೂ ಒಳಗೆ ಬಿಡುತ್ತಾರೆ. ಟೊಪ್ಪಿ ಮಾಡಿದವರನ್ನು ಎಲ್ಲರೆದುರು ಕರೆದು ಶಾಲು ಹೊದಿಸುವುದು ಮೊದಲಿನಿಂದ ಬಂದ ಪದ್ಧತಿ ಎಂದು ವಕೀಲರು ಹೇಳಿದರು. ಹಿಂದಿನ ಟೊಪ್ಪಿ ಹೊಲಿದ ಮುಂಬೈಯ ಕುಶಲಿಗನ ಫೋಟೋ ಈಗಲೂ ಹಾಲಿನ ಗೋಡೆಯ ಮೇಲಿದೆಯಂತೆ.

ಆ ವಾರವೇ ರೈಲಿನಲ್ಲಿ ಭಟ್ಕಳಕ್ಕೆ ಹೋದೆ. ಆಪಾ ಟೊಪ್ಪಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುಂಬೈಯವನ ಹೊಲಿಗೆ ಒಳ್ಳೆಯದೇ, ಆದರೆ ಜ್ವಾಲೆಯ ತುದಿಯಲ್ಲಿ ಅವಸರ ಮಾಡಿದ್ದಾನೆ ಎಂದರು. ಗೋಡೆಯ ಮೇಲಿನ ಫೋಟೋದ ಮಾತು ಹೇಳಿದಾಗ ಅವರು ಟೊಪ್ಪಿ ಕೆಳಗಿಟ್ಟು ನನ್ನ ಕಡೆ ತಿರುಗಿದರು.

ಅವರ ಮುಖ ನೋಡಿ ನನಗೆ ಒಳ್ಳೆಯತನ ಉಕ್ಕಿ ಬಂತು. "ಆಪಾ, ಈ ಸಲ ನಿಮ್ಮನ್ನ ಹೊನ್ನಾವರಕ್ಕೆ ಕರ್ಕೊಂಡು ಹೋಗ್ತೆ. ಎಲ್ಲರ ಎದುರಿಗೆ ನಿಲ್ಲಿಸಿ, ಇವರೇ ಹೊಲಿದವರು ಅಂತ ನಾನೇ ಹೇಳ್ತೆ."

"ಫೋಟೋ ಬೇಡ," ಎಂದರು ಅವರು. ಟೊಪ್ಪಿಯನ್ನು ಡಬ್ಬಿಗೆ ಇಡುತ್ತ, "ಹೆಸರು ಹೇಳ್ತಾರಲ್ಲ? ಹೆಸರು ಸಾಕು," ಎಂದರು.

ಆಮೇಲೆ ಫೋನು ಮಾಡಿದಾಗಲೆಲ್ಲ ಅದೇ ವಿಚಾರಣೆ. ಹೆಂಗಸರು ಎಷ್ಟು ಮಂದಿ ಬರುತ್ತಾರೆ, ಕೂರಲು ಬೇರೆ ಜಾಗ ಇದೆಯೋ, ಮೊಮ್ಮಗಳನ್ನು ಕರೆತಂದರೆ ನಡೆಯುತ್ತದೋ. ಅರವತ್ತು ದಾಟಿದ ಹೆಂಗಸು ಇಷ್ಟು ಆಸೆಪಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಇನ್ನು ಆ ತಪ್ಪಿನ ವಿಷಯ. ನಮ್ಮ ಕೆಲಸದಲ್ಲಿ ಚಿತ್ರವನ್ನು ನೇರ ಬಟ್ಟೆಯ ಮೇಲೆ ಬರೆಯುವುದಿಲ್ಲ. ತೆಳು ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಸಣ್ಣ ಸಣ್ಣ ತೂತು ಮಾಡುತ್ತೇವೆ. ಇದಕ್ಕೆ ಖಾಕಾ ಎನ್ನುತ್ತಾರೆ. ಖಾಕಾವನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯಿಂದ ಒರೆಸಿದರೆ ತೂತುಗಳಲ್ಲಿ ಬಣ್ಣ ಇಳಿದು ಬಟ್ಟೆಯ ಮೇಲೆ ಚುಕ್ಕಿಗಳ ಚಿತ್ರ ಮೂಡುತ್ತದೆ. ಕಾಗದಕ್ಕೆ ಎರಡು ಮೈ. ಸೂಜಿ ಹೊಕ್ಕ ಮೈ ನಯ, ಸೂಜಿ ಹೊರಬಿದ್ದ ಮೈ ತರಿತರಿ. ನಯವಾದ ಮೈ ಮೇಲೆ ಬರಬೇಕು. ಬೆರಳಾಡಿಸಿದರೆ ಸಾಕು, ಕಣ್ಣು ಮುಚ್ಚಿಯೂ ಹೇಳಬಹುದು. ಮಗುಚಿ ಹಾಕಿದರೆ ಇಡೀ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಬೀಳುತ್ತದೆ. ರವಿಕೆಗೆ ಅದರಿಂದ ಏನೂ ಆಗುವುದಿಲ್ಲ, ನವಿಲು ಆ ಕಡೆ ನೋಡಿದರೇನು, ಈ ಕಡೆ ನೋಡಿದರೇನು. ಈ ಗುರುತು ಹಾಕುವ ಕೆಲಸವನ್ನು ನಾನು ಯಾರ ಕೈಗೂ ಕೊಟ್ಟವಳಲ್ಲ, ಆಪಾಗೂ ಕೊಟ್ಟಿಲ್ಲ. ಅದು ನನ್ನ ಹೆಚ್ಚುಗಾರಿಕೆ.

ಆ ದಿನ ಮದುವೆಯ ಹಂಗಾಮು. ಕತಗಾಲದಿಂದ ಬಂದ ಒಬ್ಬ ಮದುಮಗಳ ತಾಯಿ ರವಿಕೆಯ ಬೆನ್ನು ಎಷ್ಟು ಇಳಿಯಬೇಕು ಎಂಬುದರ ಮೇಲೆ ನನ್ನ ಹತ್ತಿರ ಜಗಳಕ್ಕೆ ನಿಂತಿದ್ದಳು. ಮಗಳಿಗೆ ಒಂದು ಗೇಣು ಬೇಕು, ತಾಯಿಗೆ ನಾಲ್ಕು ಬೆರಳು ಸಾಕು. ನಾನು ಅವಳಿಗೆ ಉತ್ತರ ಕೊಡುತ್ತ, ಸಿಟ್ಟಿನಲ್ಲಿ ಖಾಕಾ ಎಳೆದುಕೊಂಡು, ಏಳು ತುಂಡು ಮಖಮಲ್ಲಿಗೂ ಸಾಲಾಗಿ ಗುರುತು ಹಾಕಿ ಮುಗಿಸಿದೆ. ಜಗಳದಲ್ಲಿ ಗೆದ್ದೆ. ಮಖಮಲ್ಲಿನ ಗಂಟನ್ನು ಮಾರನೇ ದಿನ ಭಟ್ಕಳಕ್ಕೆ ಕಳಿಸಿಕೊಟ್ಟೆ.

ಎರಡು ದಿನ ಬಿಟ್ಟು ಆಪಾ ಫೋನಿಗೆ ಒಂದು ಧ್ವನಿ ಸಂದೇಶ ಹಾಕಿದರು. ಅದರ ಒಂದೊಂದು ಶಬ್ದವೂ ನನಗೆ ಬಾಯಿಪಾಠ. "ಬಾಯಿ, ಒಂದು ಮಾತು. ಇದು ಎಡಗೈ ಆಗ್ತದೆ ಕಾಣ್ತದೆ. ನಾನು ನನ್ನ ಕೈ ಮೇಲೆ ಇಟ್ಟು ನೋಡಿದೆ. ದೀಪ ಎಡಗೈಯಲ್ಲಿ ಯಾರು ಹಿಡೀತಾರೆ? ಒಮ್ಮೆ ನೋಡಿ ಹೇಳಿ, ಅಲ್ಲಿ ತನಕ ಸೂಜಿ ಹಾಕೂದಿಲ್ಲ."

ನಾನು ಏನು ಮಾಡಬೇಕಿತ್ತು? ಖಾಕಾ ನನ್ನ ಮೇಜಿನ ಮೇಲೇ ಇತ್ತು. ಎದ್ದು ಒಂದು ಸಲ ಬೆರಳಾಡಿಸಿದ್ದರೆ ಮುಗಿದಿತ್ತು. ನಾನು ಕೂತಲ್ಲಿಂದಲೇ ಉತ್ತರ ಕೊಟ್ಟೆ. "ಆಪಾ, ಗುರುತು ಹಾಕಿದ್ದು ನಾನು. ಚಿತ್ರ ನಂಗೆ ಬಿಡಿ. ಗೆರೆ ಮೇಲೆ ಹೊಲಿಯೂದಷ್ಟೇ ನಿಮ್ಮ ಕೆಲ್ಸ, ಅದನ್ನ ಮಾಡಿ."

ಇಪ್ಪತ್ತು ವರ್ಷದಲ್ಲಿ ಅವರಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು ಎಂದು ಹೇಳಿದರೆ ಸುಳ್ಳಾಗುತ್ತದೆ. ಆಪಾ, "ಆಯ್ತು ಬಾಯಿ," ಎಂದು ಉತ್ತರ ಹಾಕಿ ಹೊಲಿಯಲು ಕೂತರು. ಮುಂದಿನ ಎರಡು ತಿಂಗಳು ಅವರು ಅದರ ವಿಷಯ ಎತ್ತಲಿಲ್ಲ.

ಹೊಲಿದ ತುಂಡುಗಳು ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಯ ಬೆಳಕಿಗೆ ಒಯ್ದು ನೋಡಿದೆ. ಜ್ವಾಲೆಗೆ ಮೂರು ಬಗೆಯ ಜರಿ ಬಳಸಿದ್ದರು, ತುದಿಗೆ ಹೋಗುತ್ತಿದ್ದಂತೆ ಬಣ್ಣ ತಿಳಿಯಾಗುತ್ತಿತ್ತು. ಅಂಗೈಯ ಗೆರೆಗಳನ್ನು ಕೂಡ ಬಿಟ್ಟಿರಲಿಲ್ಲ. ಇಷ್ಟು ಚಂದದ ಕೈಯನ್ನು ನೋಡುತ್ತ ಕೂತವಳಿಗೆ ಅದು ಯಾವ ಕೈ ಎಂದು ನೋಡಲು ಹೊಳೆಯಲಿಲ್ಲ. ಅಸ್ತರು ಹಾಕಿ, ಟೊಪ್ಪಿಯ ಆಕಾರಕ್ಕೆ ಕೂರಿಸಿ, ಒಂದೊಂದನ್ನೂ ಒಂದೊಂದು ಡಬ್ಬಿಯಲ್ಲಿಟ್ಟು, ದೊಡ್ಡ ಸಭೆಗೆ ಇನ್ನೂ ಒಂದು ತಿಂಗಳಿರುವಾಗ ಹೊನ್ನಾವರಕ್ಕೆ ಹೋದೆ.

ಹಾಲಿನಲ್ಲಿ ಏಳೂ ಮಂದಿ ಹಿರಿಯರು ತಲೆಯ ಅಳತೆ ನೋಡಲು ಸೇರಿದ್ದರು. ಎಲ್ಲರಿಗಿಂತ ಹಿರಿಯರು ಕುಮಟೆಯವರು, ನನಗೆ ಏಳನೇ ಕ್ಲಾಸಿನಲ್ಲಿ ಗಣಿತ ಕಲಿಸಿದ ಮಾಸ್ತರು. ವಕೀಲರು ಮೊದಲ ಡಬ್ಬಿ ತೆರೆದು ಟೊಪ್ಪಿಯನ್ನು ಬಲಗೈಯಲ್ಲಿ ಮಾಸ್ತರಿಗೆ ಕೊಟ್ಟರು. ಆಹಾ, ಆಹಾ ಎಂದು ಎಲ್ಲರೂ ಬಗ್ಗಿ ನೋಡಿದರು. ನಾನು ಸೆರಗು ಸರಿಮಾಡಿಕೊಂಡು ಬೀಗುತ್ತ ನಿಂತಿದ್ದೆ. ಮಾಸ್ತರು ಟೊಪ್ಪಿಯನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಬಲಗೈಯನ್ನು ಎತ್ತಿ ಅದರ ಪಕ್ಕಕ್ಕೆ ಹಿಡಿದರು. ಆಮೇಲೆ ಬೆನ್ನ ಹಿಂದಿನಿಂದ ಎಡಗೈ ತಂದು ಹಿಡಿದರು.

"ಇದು ಎಡಗೈ," ಎಂದರು.

ಏಳೂ ಡಬ್ಬಿ ತೆರೆದರು. ಏಳೂ ಎಡಗೈ. ಕತಗಾಲದ ಆ ಹೆಂಗಸಿನ ಮುಖ, ಮೇಜಿನ ಮೇಲಿನ ಖಾಕಾ, ಆಪಾನ ಧ್ವನಿ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಆ ಕ್ಷಣದಲ್ಲೇ ನನಗೆ ಎಲ್ಲ ಗೊತ್ತಾಗಿತ್ತು. ಗಾಬರಿಯಲ್ಲಿ ತಿಳಿಯದೆ ಹೇಳಿದೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಹಾಗಲ್ಲ.

"ಗುರುತು ಹಾಕಿದ್ದು ಯಾರು, ತಂಗಿ?" ಎಂದು ಮಾಸ್ತರು ಕೇಳಿದರು. ಲೆಕ್ಕದಲ್ಲಿ ಯಾವ ಮೆಟ್ಟಿಲಲ್ಲಿ ತಪ್ಪಿದ್ದು ಎಂದು ಹುಡುಕುವ ಅವರ ಹಳೆಯ ಅಭ್ಯಾಸ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದರು.

"ಇದನ್ನ ಹೊಲಿಸಿದ್ದು ಭಟ್ಕಳದಲ್ಲಿ ಸರ್," ಎಂದೆ ನಾನು. "ಅಲ್ಲಿ ಒಬ್ಬರು ನವಾಯತರ ಹೆಂಗಸು."

ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತಾರಲ್ಲ, ನಾನು ನೆಲವನ್ನಲ್ಲ, ಮನುಷ್ಯರನ್ನೇ ಡೊಂಕು ಮಾಡಿದೆ. ಇಪ್ಪತ್ತು ವರ್ಷ ನನ್ನ ಗಿರಾಕಿಗಳ ಎದುರು ಒಂದು ಸಲವೂ ನನ್ನ ಬಾಯಿಂದ ಬರದಿದ್ದ ಮಾತು, ಅವತ್ತು ಯಾರೂ ಕೇಳುವ ಮೊದಲೇ ಬಂತು.

ವಕೀಲರು ಉಸಿರು ಬಿಟ್ಟು ಕುರ್ಚಿಗೆ ಒರಗಿದರು. "ಹಂಗೆ ಹೇಳಿ ಮತ್ತೆ. ಅವರು ಬರಿಯೂದೇ ಬಲದಿಂದ ಎಡಕ್ಕೆ. ಕೈ ಒಂದು ಸೀದಾ ಬತ್ತದ್ಯಾ?"

ಹಾಲೆಲ್ಲ ನಗು. ಕಟ್ಟಿಕೊಂಡಿದ್ದ ಗಾಳಿ ಬಿಟ್ಟ ಹಾಗಾಯಿತು. ಒಬ್ಬರು ಇನ್ನೊಬ್ಬರ ಬೆನ್ನು ತಟ್ಟಿದರು. ಮಾಸ್ತರು ಮಾತ್ರ ನಗಲಿಲ್ಲ, ಟೊಪ್ಪಿಯನ್ನೇ ನೋಡುತ್ತಿದ್ದರು. ನಾನು ನಕ್ಕೆ. ಹಲ್ಲು ಕಾಣುವಂತೆ, ಸದ್ದು ಬರುವಂತೆ ನಕ್ಕೆ. ಹೆದರಿಕೆ ಇಳಿದದ್ದಕ್ಕೆ ಬಂದ ನಗು ಎಂದು ಬೇಕಾದರೆ ಹೇಳಬಹುದು. ನೋಡಿದವರಿಗೆ ಅದು ಬರೀ ನಗುವೇ ಆಗಿತ್ತು.

"ನಿಮ್ಮದೆಂತ ತಪ್ಪಿಲ್ಲ ಬಿಡಿ," ಎಂದು ವಕೀಲರು ನನಗೆ ಸಮಾಧಾನ ಹೇಳಿದರು. "ಒಂದು ತಿಂಗ್ಳಲ್ಲಿ ಬೇರೆ ಮಾಡಿ ಕೊಡಿ. ಈ ಸಲ ನೀವೇ ಎದುರಿಗೆ ಕೂತು ಮಾಡ್ಸಿ."

ವಾಪಸು ಬರುವಾಗ ಬಸ್ಸಿನಲ್ಲಿ ಫೋನು ತೆಗೆದು ಆ ಧ್ವನಿ ಸಂದೇಶ ಮತ್ತು ನನ್ನ ಉತ್ತರ ಎರಡನ್ನೂ ಅಳಿಸಿದೆ. ಎರಡು ತಿಂಗಳು ಹಳೆಯದಾದ್ದರಿಂದ ಅದು ನನ್ನ ಫೋನಿನಿಂದ ಮಾತ್ರ ಹೋಯಿತು, ಅವರ ಫೋನಿನಲ್ಲಿ ಉಳಿಯಿತು. ಹಾಗೆಂದು ಗೊತ್ತಿದ್ದೂ ಅಳಿಸಿದೆ.

ಮಾರನೇ ದಿನ ಭಟ್ಕಳಕ್ಕೆ ಹೋಗಿ ಆಪಾಗೆ, ಕೈ ಸ್ವಲ್ಪ ತಿರುಗಿಸಬೇಕಂತೆ, ಸಂಘದವರ ಹಟ ಎಂದೆ. ಅವರು ನನ್ನ ಮುಖ ನೋಡಿದರು. ನಾನು ಹೇಳಿದ್ದೆನಲ್ಲ ಎಂದು ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. "ಮಖಮಲ್ ತಂದಿದ್ದೀರಾ?" ಎಂದರು, ಅಷ್ಟೇ. ನಾನು ಹೊಸದಾಗಿ ಗುರುತು ಹಾಕಿದ ಪ್ರತಿ ತುಂಡಿನ ಮೇಲೂ ತಮ್ಮ ಬಲಗೈ ಇಟ್ಟು ನೋಡಿ, ಒಂದೊಂದನ್ನೇ ಪಕ್ಕಕ್ಕೆ ಇಟ್ಟರು. ಎರಡು ತಿಂಗಳ ಕೆಲಸವನ್ನು ಒಂದು ತಿಂಗಳಲ್ಲಿ ಮುಗಿಸಲು ಬೆಳಗಿನ ನಮಾಜು ಮುಗಿಸಿ ಕೂತರೆ ಬೆಳಕು ಇರುವ ತನಕ ಏಳುತ್ತಿರಲಿಲ್ಲವಂತೆ. ಅವರ ಕಣ್ಣಿಂದ ನೀರು ಇಳಿಯುತ್ತಿದೆ, ಡಾಕ್ಟರಿಗೆ ತೋರಿಸಬೇಕು ಎಂದು ಸೊಸೆ ಫೋನಿನಲ್ಲಿ ನನಗೆ ಹೇಳಿದಳು. ನಾನು ಟೊಪ್ಪಿ ಎಷ್ಟಾಯಿತು ಎಂದು ಕೇಳಿದೆ.

ಸಭೆಗೆ ಅವರನ್ನು ಕರೆದುಕೊಂಡು ಹೋಗಬೇಡಿ ಎಂದು ನನಗೆ ಯಾರೂ ಹೇಳಲಿಲ್ಲ. ವಕೀಲರೇನೂ ಅನ್ನಲಿಲ್ಲ. ಬೇಡ ಎಂದು ತೀರ್ಮಾನಿಸಿದ್ದು ನಾನೇ. ಆಪಾ ಬಂದರೆ ಮಾಸ್ತರು ಅವರನ್ನು ಕೇಳದೆ ಬಿಡುವವರಲ್ಲ, ಗುರುತು ಹಾಕಿದ್ದು ಯಾರು ಎಂದು. ಅದಕ್ಕೆ ಆಪಾಗೆ ಫೋನು ಮಾಡಿ, ಈ ವರ್ಷ ಹೊರಗಿನವರನ್ನು ಬಿಡುವುದಿಲ್ಲವಂತೆ ಎಂದೆ.

"ನಿಮ್ಮನ್ನೂ?" ಎಂದು ಕೇಳಿದರು.

"ಟೊಪ್ಪಿ ಕೊಟ್ಟು ಬಾಗಿಲಿಂದ್ಲೇ ಬರೂದು," ಎಂದೆ.

ಬಾಗಿಲಿಂದ ಬರಲಿಲ್ಲ. ಒಳಗೆ ಮುಂದಿನ ಸಾಲಿನಲ್ಲಿ ಕೂತೆ. ಏಳು ಹಿರಿಯರು ಹೊಸ ಟೊಪ್ಪಿ ಹಾಕಿ ಸಾಲಾಗಿ ನಡೆದು ಬಂದರು, ಏಳು ಹಣೆಯ ಮೇಲೆ ಏಳು ಬಲಗೈ, ದೀಪದ ತುದಿ ನಿಜವಾಗಿ ಉರಿಯುತ್ತಿದೆ ಅನಿಸುತ್ತಿತ್ತು. ನನ್ನನ್ನು ಮುಂದೆ ಕರೆದು ಶಾಲು ಹೊದಿಸಿದರು. ನಮ್ಮ ಕುಮಟೆಯ ಕೈ ಎಂದು ವಕೀಲರು ಮೈಕಿನಲ್ಲಿ ಹೇಳಿದರು, ನನ್ನ ಹೆಸರು ಹೇಳಿದರು. ಚಪ್ಪಾಳೆ. ನಾನು ಎರಡೂ ಕೈ ಜೋಡಿಸಿದೆ. ಮಾಸ್ತರ ಮುಖ ನೋಡುವ ಧೈರ್ಯ ಆಗಲಿಲ್ಲ.

ವಕೀಲರ ಆ ಮಾತು ಹೊನ್ನಾವರದಲ್ಲಿ ನಿಲ್ಲಲಿಲ್ಲ. ಕುಮಟೆಯ ಪೇಟೆಗೂ ಬಂತು, ತದಡಿಯವರೆಗೂ ಹೋಯಿತು. ಭಟ್ಕಳಕ್ಕೆ ಕೊಟ್ಟರೆ ನವಿಲು ಹಿಂದಕ್ಕೆ ನಡೆಯುತ್ತದೆ ಎಂದು ಹೆಂಗಸರು ನನ್ನ ಅಂಗಡಿಯಲ್ಲೇ ಕೂತು ನಗಾಡಿದರು. "ನಮ್ಮ ರವಿಕೆ ಅಲ್ಲಿಗೆ ಕಳಸೂದು ಬೇಡ ಮಾರಾಯ್ತಿ, ನೀನೇ ಮಾಡು," ಎಂದಳು ಒಬ್ಬಳು. ಆತು ಎಂದೆ. ಅದು ಎಂಥ ಮಾತು ಎಂದು ಬೈಯಲು ನನಗೆ ಬಾಯಿ ಇರಲಿಲ್ಲವೇ? ಬೇರೆ ಎಲ್ಲದಕ್ಕೂ ಇತ್ತು. ಆಪಾಗೆ ಕೆಲಸ ಕಳಿಸುವುದು ನಿಧಾನಕ್ಕೆ ನಿಂತಿತು. ಹಂಗಾಮು ಬಿದ್ದುಹೋಗಿದೆ, ಈಗ ಎಲ್ಲ ಮಷಿನ್ ಕಸೂತಿ ಎಂದು ಫೋನಿನಲ್ಲಿ ಹೇಳಿದೆ.

ನಾಲ್ಕು ತಿಂಗಳ ಮೇಲೆ ಆಪಾ ಒಮ್ಮೆ ಮನೆಗೆ ಬಂದು ಹೋಗಿ ಎಂದರು. ಹೋದೆ. ಎಂದಿನ ಹಾಗೆ ಚಹಾ ಬಂತು. ಹೊಲಿಗೆಯ ಚೌಕಟ್ಟನ್ನು ಬಟ್ಟೆ ಸುತ್ತಿ ಗೋಡೆಗೆ ಒರಗಿಸಿಟ್ಟಿದ್ದರು. ಅವರ ಅಣ್ಣನ ಮಗನಿಗೆ ಹೊನ್ನಾವರದಲ್ಲಿ ಅಂಗಡಿಯಿದೆ, ಆ ಮಾತು ಅವನ ಕಿವಿಗೂ ಬಿದ್ದಿತ್ತು.

"ನಾವು ಬರಿಯೂದು ಬಲದಿಂದ ಎಡಕ್ಕೆ, ಅದು ಹೌದು," ಎಂದರು ಆಪಾ. ಸಿಟ್ಟಿರಲಿಲ್ಲ. "ಕೈ ತಪ್ಪಿದ್ದಕ್ಕೆ ನಂಗೆ ಬೇಜಾರಿಲ್ಲ. ಅದು ಯಾರಿಗೂ ಆಗ್ತದೆ. ಒಂದೇ ಕೇಳ್ತೇನೆ, ಬಾಯಿ. ಅವರೆಲ್ಲ ನಗಾಡುವಾಗ ನೀವೂ ನಗಾಡಿದ್ರಾ?"

ರೈಲಿನಲ್ಲಿ ಬರುವಾಗಲೇ ನಾನು ನಿರ್ಧಾರ ಮಾಡಿದ್ದೆ, ಹೇಳಿಬಿಡುವುದು, ಅವರ ಕಾಲು ಹಿಡಿಯುವುದು ಎಂದು. ಅದಕ್ಕೆಂದೇ ಹೋಗಿದ್ದೆ. ಅವರು ನನ್ನನ್ನೇ ನೋಡುತ್ತಿದ್ದರು. ಆ ಕಣ್ಣುಗಳಲ್ಲಿ ಎಡಗಡೆಯದು ಕೆಂಪಾಗಿ ಇನ್ನೂ ನೀರೂರುತ್ತಿತ್ತು.

"ಇಲ್ಲ ಆಪಾ," ಎಂದೆ. "ನಾನೆಂತಕ್ಕೆ ನಗಾಡ್ಲಿ?"

ಅಲ್ಲಿಗೇ ನಿಲ್ಲಿಸಬಹುದಿತ್ತು. ಅವರು ಕೇಳದಿದ್ದದ್ದನ್ನೂ ಸೇರಿಸಿದೆ. "ಗುರುತು ಹಾಕಿದ್ದು ನಾನು, ತಪ್ಪು ನಂದು ಅಂತ ಅವರ ಎದುರಿಗೇ ಹೇಳಿದೆ. ಅವರು ಕೇಳ್ಬೇಕಲ್ಲ."

ಆಪಾ ನನ್ನ ಕೈ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. ನಂಗೆ ಗೊತ್ತಿತ್ತು ಎಂದು ಎರಡು ಮೂರು ಸಲ ಅಂದರು. ನಾನು ಅತ್ತೆ, ಅದನ್ನು ಅವರು ಬೇರೆ ಏನೋ ಎಂದು ತಿಳಿದು ತಮ್ಮ ಸೆರಗಿನಿಂದ ನನ್ನ ಕಣ್ಣು ಒರೆಸಿದರು.

ಕಳೆದ ವರ್ಷ ಅವರ ಮೊಮ್ಮಗಳ ಮದುವೆ ಆಯಿತು. ನನ್ನನ್ನು ಎರಡು ದಿನ ಮೊದಲೇ ಕರೆಸಿಕೊಂಡರು. ಮೆಹೆಂದಿಯ ದಿನ ಒಳಗಿನ ಹಜಾರದಲ್ಲಿ ಐವತ್ತು ಅರವತ್ತು ಹೆಂಗಸರು ಸೇರಿದ್ದರು, ಮಲ್ಲಿಗೆ ಮುಡಿದು, ಒಂದೇ ಗಲಗಲ. ಆಪಾ ನನ್ನ ತೋಳು ಹಿಡಿದು ನಡುವೆ ನಿಲ್ಲಿಸಿ, ಎಲ್ಲರೂ ಸುಮ್ಮನಾಗುವ ತನಕ ಕಾದರು. ಆಮೇಲೆ ನನ್ನ ಹೆಸರು ಹೇಳಿದರು. ನವಾಯತಿಯಲ್ಲಿ ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ತನ್ನ ಕೆಲಸ ನೋಡಿ ಹಾಲ್ ತುಂಬ ಗಂಡಸರು ನಗಾಡಿದರು, ಇವರೊಬ್ಬರು ನಗಲಿಲ್ಲ, ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರು ಎಂದು.

ಮುದುಕಿಯೊಬ್ಬಳು ಎದ್ದು ಬಂದು ನನ್ನ ತಲೆ ಸವರಿದಳು. ಚಾಪೆಯ ಮೇಲೆ ಜಾಗ ಮಾಡಿ, ಮದುಮಗಳ ಪಕ್ಕದಲ್ಲಿ ನನ್ನನ್ನು ಕೂರಿಸಿ, ಶಾವಿಗೆ ಬಿರಿಯಾನಿಯನ್ನು ಮೊದಲು ನನಗೇ ಬಡಿಸಿದರು. ನಾನು ಉಂಡೆ. ಎರಡನೇ ಸಲವೂ ಬಡಿಸಿದರು, ಬೇಡ ಎನ್ನದೆ ಅದನ್ನೂ ಉಂಡೆ.

ಈಗ ಮತ್ತೆ ಕೆಲಸ ಕಳಿಸುತ್ತಿದ್ದೇನೆ. ಗಿರಾಕಿಗಳಿಗೆ ಅವರ ಹೆಸರು ಹೇಳುತ್ತೇನೆ, ಬೇಡ ಎಂದವರಿಗೆ ಮೆಟ್ಟಿಲು ತೋರಿಸುತ್ತೇನೆ. ಅದರಿಂದ ಹಳೆಯದೇನೂ ತೊಳೆದುಹೋಗಿಲ್ಲ. ಹೊನ್ನಾವರದ ಆ ಹಾಲಿಗೆ ಹೋಗಿ ಮಾಸ್ತರ ಪ್ರಶ್ನೆಗೆ ಉತ್ತರ ಹೇಳಿ ಬರಬೇಕು ಎಂದು ಎಷ್ಟೋ ಸಲ ಹೊರಟೆ, ಅದರ ಗೇಟಿನ ತನಕ ಹೋದದ್ದೂ ಉಂಟು. ಕಡೆಗೆ ಇಲ್ಲಿ ಬರೆದೆ. ಆಪಾ ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಇದನ್ನೆಲ್ಲ ಬರೆಯುವ ಧೈರ್ಯ ನನಗೆ ಬಂದದ್ದು ಅದರಿಂದ.